ಕಿವಿಗೆ ಕೇಳದ ದೀಪ

ಮಹಡಿಯ ಮೇಲಿನ ಕೋಣೆಯನ್ನು ಧ್ವನಿಮುದ್ರಣಕ್ಕೆ ಅಣಿಗೊಳಿಸುವಾಗ ನಾನು ಎಲ್ಲಕ್ಕಿಂತ ಕಡಿಮೆ ಯೋಚನೆ ಮಾಡಿದ್ದು ದೀಪದ ಬಗ್ಗೆ. ಮೈಕು ಯಾವುದಿರಬೇಕು, ಗೋಡೆಗೆ ಏನು ಹೊದಿಸಬೇಕು, ಕಿಟಕಿಯ ಸಂದುಗಳನ್ನು ಹೇಗೆ ಮುಚ್ಚಬೇಕು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದವನು, ದೀಪದ ಸರದಿ ಬಂದಾಗ ಮಾತ್ರ ಬಿವಿಕೆ ಅಯ್ಯಂಗಾರ್ ರಸ್ತೆಯ ಒಂದು ಅಂಗಡಿಗೆ ಹೋಗಿ, ಅವರು ಮೊದಲು ತೋರಿಸಿದ ಚೌಕಾಕಾರದ ಎಲ್‌ಇಡಿ ಪ್ಯಾನೆಲ್‌ಗಳಲ್ಲಿ ನಾಲ್ಕನ್ನು ಕಟ್ಟಿಸಿಕೊಂಡು ಬಂದುಬಿಟ್ಟೆ. ಬೆಳಕು ಕಣ್ಣಿನ ವ್ಯವಹಾರ, ಧ್ವನಿಮುದ್ರಣ ಕಿವಿಯ ವ್ಯವಹಾರ, ಒಂದಕ್ಕೊಂದು ಎಲ್ಲಿಯ ನಂಟು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆ ಲೆಕ್ಕ ತಪ್ಪಿದ್ದು ತಿಳಿಯುವುದಕ್ಕೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ನಾಲ್ಕು ಪ್ಯಾನೆಲ್‌ಗಳು ಚಾವಣಿಯಿಂದ ಇಳಿದು ಅಟ್ಟ ಸೇರಿದ್ದವು.

ನಮ್ಮದು ಬಸವನಗುಡಿಯ ಹಳೆಯ ಮನೆ. ಕೆಳಗೆ ಕೆಂಪು ಸಿಮೆಂಟಿನ ನೆಲ, ಮೇಲೆ ಅನಂತರ ಕಟ್ಟಿಸಿದ ಹತ್ತಡಿ ಹನ್ನೆರಡಡಿಯ ಒಂದೇ ಕೋಣೆ, ಅದರ ಮುಂದೆ ಬಟ್ಟೆ ಒಣಗಿಸುವ ತಾರಸಿ. ಅಲ್ಲಿ ನಡೆಯುವ ಕೆಲಸ ದೊಡ್ಡದೇನಲ್ಲ. ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಹಳೆಯ ಕಥೆ, ಪ್ರಬಂಧಗಳನ್ನು ಓದುತ್ತಾರೆ, ನಾನು ಮುದ್ರಿಸಿಕೊಳ್ಳುತ್ತೇನೆ. ಅತ್ತಿಗೆ ಆಗಾಗ ಬಂದು ದೇವರನಾಮ ಹಾಡುತ್ತಾರೆ. ರಜೆ ಬಂದರೆ ಅಕ್ಕನ ಮಗ ತನ್ನ ಗಿಟಾರನ್ನು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಾನೆ. ಮನೆಯೊಳಗೊಂದು ಸ್ಟುಡಿಯೊ ಎಂದರೆ ಈಚಿನವರ ಖಯಾಲಿ ಎಂದು ನಗುವ ನೆಂಟರಿಗೆ ನಾನು ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ಹೆಸರನ್ನು ಹೇಳುತ್ತೇನೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಮಾತು ಬಾನುಲಿಗೆ ಹೆಸರಾಗಿ ನಿಂತದ್ದು ಆ ಮನೆಯಿಂದ. ಅವರ ಕಾಲದ ದೀಪವೆಂದರೆ ತಂತಿ ಕಾದು ಬೆಳಗುವ ಬಲ್ಬು. ಈ ಒಂದು ವಿಷಯದಲ್ಲಿ ಅವರು ನನಗಿಂತ ಸುಖಿಗಳು.

ಮೇಷ್ಟ್ರ ಮೊದಲ ಓದನ್ನು ಹೆಡ್‌ಫೋನಿನಲ್ಲಿ ಕೇಳುವಾಗ ವಾಕ್ಯ ಮತ್ತು ವಾಕ್ಯದ ನಡುವೆ ದೂರದಲ್ಲೆಲ್ಲೋ ಜೀರುಂಡೆ ಕೂತಂತೆ ಒಂದು ಸದ್ದು ಕೇಳಿತು. ಅವರು ಓದುತ್ತಿರುವಷ್ಟು ಹೊತ್ತು ಅದು ಮರೆಯಾಗುತ್ತಿತ್ತು, ಉಸಿರೆಳೆದುಕೊಳ್ಳಲು ನಿಂತ ಕೂಡಲೇ ಮೇಲೇಳುತ್ತಿತ್ತು. ಫ್ರಿಜ್ಜೆಂದು ಅನುಮಾನಿಸಿದೆ, ಮೆಟ್ಟಿಲ ಕೆಳಗಿನ ಯುಪಿಎಸ್ ಎಂದುಕೊಂಡೆ, ಪಕ್ಕದ ಮನೆಯ ಬೋರ್‌ವೆಲ್ಲಿನ ಮೋಟಾರನ್ನೂ ಸುಮ್ಮನೆ ಬೈದೆ. ಒಂದು ಮಧ್ಯಾಹ್ನ ಓದು ನಡೆದಿರುವಾಗಲೇ ಕರೆಂಟು ಹೋಯಿತು. ಅಂದು ಕೆಳಗಿನ ಯುಪಿಎಸ್ಸೂ ಕೆಟ್ಟು ರಿಪೇರಿಗೆ ಹೋಗಿತ್ತು. ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು, ಮೈಕಿಗೆ ಬೇಕಾದ 48 ವೋಲ್ಟು ಯುಎಸ್‌ಬಿಯ ಮೂಲಕ ಅದರಿಂದಲೇ ಬರುತ್ತಿತ್ತು, ಹಾಗಾಗಿ ಮುದ್ರಣ ನಿಲ್ಲಲಿಲ್ಲ. ಮೇಷ್ಟ್ರು ಕಿಟಕಿಯ ಪರದೆಯನ್ನು ಒಂದಿಷ್ಟು ಸರಿಸಿಕೊಂಡು ಓದನ್ನು ಮುಂದುವರಿಸಿದರು. ಆ ಹದಿನೈದು ನಿಮಿಷದ ಮುದ್ರಣವನ್ನು ಸಂಜೆ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಅವರು ಪುಟ ತಿರುವುವಾಗ ಬೆರಳು ಕಾಗದವನ್ನು ಸವರುವ ಸದ್ದು, ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಳ್ಳುವ ಸದ್ದು, ಅದರ ಹಿಂದೆ ಏನೂ ಇಲ್ಲ. ನಿಜವಾಗಿ ಏನೂ ಇಲ್ಲ.

ಕರೆಂಟು ಬಂದ ಮೇಲೆ ಒಂದೊಂದೇ ಸ್ವಿಚ್ಚನ್ನು ಹಾಕುತ್ತ ಬಂದೆ. ಫ್ರಿಜ್ಜಿನ ಪಾಲು ಇತ್ತು, ಆದರೆ ಅಲ್ಪ. ಜೀರುಂಡೆ ಕೂತಿದ್ದದ್ದು ನನ್ನ ತಲೆಯ ಮೇಲೆ, ನಾನೇ ಹಣ ಕೊಟ್ಟು ತಂದ ಪ್ಯಾನೆಲ್‌ಗಳಲ್ಲಿ.

ಇದರ ಕಾರಣ ಬಹಳ ಕಠಿಣವಾದದ್ದಲ್ಲ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಬಾರಿ ಹೊರಳುವ ವಿದ್ಯುತ್ತು. ಪ್ರತಿ ಹೊರಳಿನಲ್ಲಿ ಅದು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಏರಿ ಇಳಿಯುವುದರಿಂದ ಅದನ್ನು ನೆಚ್ಚಿಕೊಂಡ ದೀಪ ಸೆಕೆಂಡಿಗೆ 100 ಬಾರಿ ಮಿಡಿಯುತ್ತದೆ. ಹಳೆಯ ಟ್ಯೂಬ್‌ಲೈಟಿನ ಪಟ್ಟಿಯೊಳಗೆ ಕೂತ ಚೋಕು ಗುಂಯ್‌ಗುಡುತ್ತಿದ್ದುದನ್ನು ನನ್ನ ವಯಸ್ಸಿನವರು ಯಾರೂ ಮರೆತಿರಲಾರರು. ಅದರೊಳಗಿನ ಕಬ್ಬಿಣದ ತಗಡುಗಳು ಕಾಂತತ್ವ ಏರಿಳಿದಂತೆಲ್ಲ ಅತಿ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತಿದ್ದವು. ಎಲ್‌ಇಡಿ ದೀಪದಲ್ಲಿ ಆ ಚೋಕು ಇಲ್ಲ, ಅದರ ಬದಲು ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆಯಿದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಎಲ್‌ಇಡಿಗೆ ತಕ್ಕಂತೆ ಹದಗೊಳಿಸುತ್ತದೆ. ಆ ಕತ್ತರಿ ಅಷ್ಟು ವೇಗವಾಗಿ ಆಡುವುದರಿಂದ ಅದರ ಸದ್ದು ನಮ್ಮ ಕಿವಿಗೆ ಎಟುಕಬಾರದು. ಆದರೆ ಅಗ್ಗದ ಡ್ರೈವರುಗಳಲ್ಲಿ ಗೋಡೆಯ 100ರ ಮಿಡಿತ ಪೂರ್ತಿ ಸಪಾಟಾಗಿರುವುದಿಲ್ಲ. ಅವುಗಳ ಸುರುಳಿಗಳು ನಡುಗುತ್ತವೆ. ಸೆರಾಮಿಕ್ ಕೆಪಾಸಿಟರುಗಳು ವೋಲ್ಟೇಜು ಬದಲಾದಂತೆ ತಾವೂ ಕೂದಲೆಳೆಯಷ್ಟು ಉಬ್ಬಿ ತಗ್ಗಿ, ತಮ್ಮನ್ನು ಬೆಸುಗೆ ಹಾಕಿದ ಹಲಗೆಯನ್ನೇ ಪುಟ್ಟ ಸ್ಪೀಕರನ್ನಾಗಿ ಮಾಡಿಕೊಳ್ಳುತ್ತವೆ. ನಾಲ್ಕು ಪ್ಯಾನೆಲ್ ಎಂದರೆ ನಾಲ್ಕು ಸ್ಪೀಕರು.

ಇಲ್ಲಿ ಸಂಗೀತದ ಒಂದು ತಮಾಷೆಯಿದೆ, ಹೇಳದೆ ಮುಂದೆ ಹೋಗಲಾರೆ. 100ರ ಸದ್ದು ಎಂದೂ ಒಂಟಿಯಾಗಿ ಬರುವುದಿಲ್ಲ. 200, 300, 400 ಎಂದು ತನ್ನ ಪರಿವಾರವನ್ನು ಕರೆದುಕೊಂಡೇ ಬರುತ್ತದೆ. ಈಗಿನ ಶ್ರುತಿಪೆಟ್ಟಿಗೆಗಳ ಲೆಕ್ಕದಲ್ಲಿ ಐದರ ಶ್ರುತಿಯ ಷಡ್ಜ ಸುಮಾರು 196 ಹರ್ಟ್ಸ್, ಎಂದರೆ ಸೆಕೆಂಡಿಗೆ 196 ಮಿಡಿತ, ಐದೂವರೆಯದು ಸುಮಾರು 208. ನಮ್ಮ ಗೋಡೆಯ ವಿದ್ಯುತ್ತಿನ 200 ಇವೆರಡರ ನಡುವೆ ಎಲ್ಲಿಯೂ ಸಲ್ಲದ ಜಾಗದಲ್ಲಿ ನಿಂತಿದೆ. ಅತ್ತಿಗೆಯ ಶ್ರುತಿ ಐದೂವರೆ. ಅವರು ತಂಬೂರಿಯನ್ನು ಮೀಟಿ ಕಣ್ಣು ಮುಚ್ಚಿ ಕೂತಾಗಲೆಲ್ಲ “ಏನೋ ಒಂದು ಚೂರು ಅಲುಗಾಡ್ತಿದೆ ಕಣೋ, ತಂತಿ ಸರಿಯಾಗಿದ್ರೂ” ಎನ್ನುತ್ತಿದ್ದರು. ಅವರ ಕಿವಿಯ ಅತಿಸೂಕ್ಷ್ಮತೆ ಎಂದು ನಾನು ನಕ್ಕು ಸುಮ್ಮನಾಗುತ್ತಿದ್ದೆ. 200 ಮತ್ತು 208 ಒಟ್ಟಿಗೆ ನುಡಿದರೆ ಸೆಕೆಂಡಿಗೆ ಏಳೆಂಟು ಸಲ ಅಲೆ ಎದ್ದು ಬೀಳುತ್ತದೆ ಎಂಬುದು ಶಾಲೆಯಲ್ಲಿ ಓದಿದ ಪಾಠ. ಅವರು ಆ ಅಲೆಯನ್ನು ಕೇಳುತ್ತಿದ್ದರು, ನಾನು ಕೇಳುತ್ತಿರಲಿಲ್ಲ, ಅಷ್ಟೆ. ಅವರಲ್ಲಿ ಕ್ಷಮೆ ಕೇಳಿದ್ದೇನೆ.

ಅಲ್ಲಿಂದ ಮುಂದೆ ನಾನು ದೀಪವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಕೊಳ್ಳತೊಡಗಿದೆ. ಇದು ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಚಿಕ್ಕಪೇಟೆಯ ಆ ಗದ್ದಲದಲ್ಲಿ, ಕೈಗಾಡಿ, ಆಟೊ, ಹಾರ್ನುಗಳ ನಡುವೆ ಬಲ್ಬನ್ನು ಕಿವಿಗೆ ಹಿಡಿದು ನಿಂತರೆ ಜನ ಒಂದು ಥರ ನೋಡುತ್ತಾರೆ. ಒಬ್ಬ ಅಂಗಡಿಯವರು ಮಾತ್ರ ನನ್ನ ಕಷ್ಟ ಕೇಳಿ, “ಒಂದು ತಗೊಂಡು ಹೋಗಿ ಸಾರ್, ಬಾಕ್ಸ್ ಮಾತ್ರ ಹರೀಬೇಡಿ, ಸರಿ ಹೋಗ್ಲಿಲ್ಲಾಂದ್ರೆ ವಾಪಸ್ ತನ್ನಿ” ಎಂದರು. ಆ ಒಂದು ಉಪಕಾರದಿಂದ ನನಗೆ ಉಳಿದ ಹಣ ಕಡಿಮೆಯದಲ್ಲ. ಮನೆಗೆ ತಂದು, ರಾತ್ರಿ ಹನ್ನೊಂದರ ಮೇಲೆ, ದೀಪದಿಂದ ಒಂದು ಗೇಣು ದೂರದಲ್ಲಿ ಮೈಕನ್ನಿಟ್ಟು, ಮೈಕಿನ ಸದ್ದನ್ನು ಹಿಗ್ಗಿಸುವ ಗೇನನ್ನು ಸಾಕಷ್ಟು ಏರಿಸಿ, ದೀಪ ಆರಿಸಿ ಒಂದು ನಿಮಿಷ, ಹಚ್ಚಿ ಒಂದು ನಿಮಿಷ ಮುದ್ರಿಸಿಕೊಳ್ಳುತ್ತಿದ್ದೆ. ಹಚ್ಚಿದ ಕೂಡಲೇ ಮೌನವಾಗಿದ್ದ ದೀಪ ಅರ್ಧ ಗಂಟೆ ಕಾದ ಮೇಲೆ ಹಾಡಲು ಶುರು ಮಾಡುವುದೂ ಉಂಟು, ಆದ್ದರಿಂದ ಬಿಸಿಯಾದ ಮೇಲೆ ಇನ್ನೊಮ್ಮೆ ಪರೀಕ್ಷಿಸುವುದು ಕಡ್ಡಾಯ. ಮುದ್ರಿಸಿದ್ದನ್ನು ಸಾಫ್ಟ್‌ವೇರಿನಲ್ಲಿ ಧ್ವನಿಯ ಪಟವಾಗಿ ತೆರೆದರೆ 100, 200, 300ರ ಜಾಗಗಳಲ್ಲಿ ಗೆರೆ ಎದ್ದಿದೆಯೇ ಇಲ್ಲವೇ ಎಂಬುದು ಕಣ್ಣಿಗೇ ಕಾಣುತ್ತದೆ.

ಇದು ಗಾಳಿಯ ಮೂಲಕ ಬರುವ ಸದ್ದಿನ ಮಾತು. ತಂತಿಯ ಮೂಲಕ, ಅಥವಾ ತಂತಿಯೂ ಇಲ್ಲದೆ ರೇಡಿಯೊ ಅಲೆಯಾಗಿ ಬರುವ ಕಿರುಕುಳ ಬೇರೆಯದು, ಅದನ್ನು ಹಿಡಿಯಲು ನಾನು ಬಳಸಿದ್ದು ಅಪ್ಪನ ಕಾಲದ ಪುಟ್ಟ ಟ್ರಾನ್ಸಿಸ್ಟರನ್ನು. ಮೀಡಿಯಂ ವೇವಿನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸನ್ನು ಹಿಡಿದು, ಅಲ್ಲಿಂದ ಮುಳ್ಳನ್ನು ಚೂರು ಸರಿಸಿ ಬರಿಯ ಶೂನ್ಯದಲ್ಲಿ ನಿಲ್ಲಿಸಿ, ದೀಪದ ಬಳಿ ತಂದು ಸ್ವಿಚ್ಚು ಹಾಕಬೇಕು. ಒಳ್ಳೆಯ ಡ್ರೈವರಾದರೆ ರೇಡಿಯೊ ಹೆಚ್ಚಿಗೇನೂ ಹೇಳುವುದಿಲ್ಲ. ಕೆಟ್ಟದ್ದಾದರೆ ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚಟಪಟ ಶುರುವಾಗಿ, ದೀಪದ ಹತ್ತಿರ ಒಯ್ದಷ್ಟೂ ಅದು ಭೋರ್ಗರೆತವಾಗುತ್ತದೆ. ಒಳಗೆ ಇರಬೇಕಾದ ಶೋಧಕ ಬಿಡಿಭಾಗಗಳನ್ನು ಉಳಿತಾಯಕ್ಕಾಗಿ ಬಿಟ್ಟಿರುತ್ತಾರೆ, ಆ ಉಳಿತಾಯವೇ ಈ ಸದ್ದು. ಮೂರು ತಂತಿಯ ಬ್ಯಾಲೆನ್ಸ್ಡ್ ಕೇಬಲ್ಲಿನ ಮೈಕು ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಗಿಟಾರು, ಪಿಕಪ್ ಹಾಕಿದ ವೀಣೆ, ಇವು ತಡೆದುಕೊಳ್ಳಲಾರವು.

ಅಕ್ಕನ ಮಗನ ಗಿಟಾರು ಒಂದು ಸುರುಳಿಯ ಪಿಕಪ್ ಇರುವಂಥದ್ದು. ತಂತಿಯ ಕಂಪನವನ್ನು ಹಿಡಿಯುವುದು ಆ ಸುರುಳಿಯ ಕೆಲಸ, ಆದರೆ ಸುತ್ತಮುತ್ತಲಿನ ಯಾವ ಕಾಂತಕ್ಷೇತ್ರವನ್ನೂ ಅದು ಅತಿಥಿ ಎಂದು ಒಳಗೆ ಕರೆಯುತ್ತದೆ. ಪ್ಯಾನೆಲ್‌ಗಳನ್ನು ಕಿತ್ತ ಮೇಲೆ ನಾನು ಒಂದಷ್ಟು ದಿನ ಹಳೆಯ ತಂತಿಬಲ್ಬುಗಳನ್ನು ಹಾಕಿ, ಬೆಳಕನ್ನು ತಗ್ಗಿಸಲು ಗೋಡೆಯಲ್ಲಿ ಒಂದು ಡಿಮ್ಮರು ಕೂರಿಸಿದ್ದೆ. ಬಲ್ಬು ಪೂರ್ತಿ ಉರಿಯುವಾಗ ಎಲ್ಲವೂ ಶಾಂತ. ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದ ಕೂಡಲೇ ಅವನ ಸ್ಪೀಕರಿನಲ್ಲಿ ಕಣಜಗಳ ಹಿಂಡು. ಡಿಮ್ಮರು ವೋಲ್ಟೇಜನ್ನು ನಯವಾಗಿ ತಗ್ಗಿಸುವುದಿಲ್ಲ. ಅದರೊಳಗಿನ ಟ್ರಯಾಕು ಪ್ರತಿ ಅಲೆಯ ಒಂದು ಭಾಗವನ್ನು ಮಚ್ಚಿನಿಂದ ಕಡಿದಂತೆ ಕಡಿದು ಬಿಸಾಡುತ್ತದೆ. ಕಡಿದ ಅಂಚು ಎಷ್ಟು ಚೂಪೋ ಅಷ್ಟು ಮೇಲಿನ ಸ್ವರಗಳು ಅದರಲ್ಲಿ ಹುಟ್ಟುತ್ತವೆ. ಬಲ್ಬಿನೊಳಗಿನ ತಂತಿ ಕೂಡ ಆ ಹೊಡೆತಕ್ಕೆ ಸಣ್ಣಗೆ ಹಾಡುತ್ತದೆ. ಫ್ಯಾನಿನ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರೂ ಇದೇ ಕುಲದ್ದು, ಆದ್ದರಿಂದ ಪಕ್ಕದ ಕೋಣೆಯ ಫ್ಯಾನನ್ನು ಎರಡರಲ್ಲಿ ಇಟ್ಟರೂ ಈ ಕೋಣೆಯ ಗಿಟಾರಿಗೆ ಸುದ್ದಿ ಮುಟ್ಟುತ್ತಿತ್ತು. “ಮಾಮಾ, ಇದು ಗಿಟಾರ್ ಅಲ್ಲ, ಮಿಕ್ಸಿ” ಎಂದು ಅವನು ಗಿಟಾರನ್ನು ಚೀಲಕ್ಕೆ ತುಂಬಿದ ದಿನ ಡಿಮ್ಮರನ್ನು ಕಿತ್ತೆ. ಅಂದಿನಿಂದ ನನ್ನ ನಿಯಮ ಒಂದೇ: ಬೆಳಕನ್ನು ತಗ್ಗಿಸಬೇಕೆಂದರೆ ಮೂರು ಸಣ್ಣ ದೀಪಗಳಿಗೆ ಮೂರು ಬೇರೆ ಬೇರೆ ಸ್ವಿಚ್ಚುಗಳಿರಲಿ, ಒಂದನ್ನೋ ಎರಡನ್ನೋ ಆರಿಸೋಣ.

ತಂತಿಬಲ್ಬನ್ನು ಬಿಡಬೇಕಾದದ್ದು ಬೇರೆ ಕಾರಣಕ್ಕೆ. ಧ್ವನಿಮುದ್ರಣದ ಕೋಣೆಯೆಂದರೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ, ಫ್ಯಾನು ನಿಲ್ಲಿಸಿದ ಪೆಟ್ಟಿಗೆ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವಾಟ್ ಶಾಖವನ್ನು ಬಿಡುತ್ತಾನೆ. 60 ವಾಟಿನ ಮೂರು ಬಲ್ಬು ಹಚ್ಚಿದರೆ ಕಾಣದ ಇಬ್ಬರನ್ನು ಒಳಗೆ ಕೂರಿಸಿಕೊಂಡಂತೆ. ಬೆಂಗಳೂರಿನ ಹವೆ ತಂಪು ಎಂಬ ಮಾತು ತಾರಸಿಯ ಕೆಳಗಿನ ಕೋಣೆಗೆ ಏಪ್ರಿಲ್ ತಿಂಗಳಿನಲ್ಲಿ ಅನ್ವಯಿಸುವುದಿಲ್ಲ. ಮೇಷ್ಟ್ರು ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಹಣೆಯ ಬೆವರು ಕನ್ನಡಕಕ್ಕೆ ಇಳಿಯುತ್ತಿತ್ತು.

ಇಷ್ಟು ಹೊತ್ತೂ ಸದ್ದಿನ ಬಗ್ಗೆಯೇ ಹೇಳಿದೆ, ಬೆಳಕಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಬೆಳಕಿನ ಪಾಠವನ್ನು ನನಗೆ ಕಲಿಸಿದವರು ಮೇಷ್ಟ್ರು, ಅವರಿಗೆ ಗೊತ್ತಿಲ್ಲದಂತೆ. ಅವರು ತರುವ ಪುಸ್ತಕಗಳು ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದ ಕಾಲದವು, ಕಾಗದ ಚಹದ ಬಣ್ಣಕ್ಕೆ ತಿರುಗಿದೆ, ಒತ್ತಕ್ಷರಗಳು ಎಷ್ಟೋ ಕಡೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿವೆ. ಒಂದು ದಿನ ಮುದ್ರಣವನ್ನು ತಿದ್ದುವಾಗ “ದನವಿದ್ದವನಿಗೆ ನಿದ್ದೆಯಿಲ್ಲ” ಎಂಬ ವಾಕ್ಯ ಕಿವಿಗೆ ಬಿತ್ತು. ಹಟ್ಟಿಯ ಕಾವಲಿನ ಪ್ರಸಂಗವಿರಬಹುದೆಂದು ಬಿಟ್ಟೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಅದು ಧನ. ನಲವತ್ತು ವರ್ಷ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣ ತಿದ್ದಿದವರು ಅದನ್ನು ತಪ್ಪುವುದೆಂದರೇನು? ಬಾಯಿಯ ಗಾಳಿಯ ಹೊಡೆತ ತಡೆಯಲು ಮೈಕಿನ ಮುಂದೆ ಕೂರಿಸಿದ ಪಾಪ್ ಫಿಲ್ಟರಿನ ದುಂಡನೆಯ ನೆರಳು ಪುಟದ ಬಲಭಾಗಕ್ಕೆ ಬೀಳುತ್ತಿತ್ತು. ನಮ್ಮ ಲಿಪಿಯಲ್ಲಿ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ಅಂತರವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು. ನೆರಳು ಬಿದ್ದರೆ ಮೊದಲು ಕಾಣೆಯಾಗುವುದೇ ಆ ಸೀಳು. ಚಾವಣಿಯ ನಡುವಿನ ಬೆಳಕು ಎಷ್ಟು ಪ್ರಖರವಾಗಿದ್ದರೂ ಓದುವವರ ತಲೆ, ಮೈಕಿನ ತೋಳು, ಫಿಲ್ಟರು ಇವುಗಳ ನೆರಳನ್ನು ಪುಟದ ಮೇಲೆ ಹರಡದೆ ಬಿಡುವುದಿಲ್ಲ.

ಹಾಗಾಗಿ ಬೆಳಕನ್ನು ಚಾವಣಿಯಿಂದ ಮೇಜಿಗೆ ಇಳಿಸಿದೆ. ಓದುವ ಪೀಠದ ಎರಡೂ ಪಕ್ಕದಿಂದ, ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ಓರೆಯಾಗಿ ಬೀಳುವ ಎರಡು ದೀಪಗಳು. ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಮೇಜಿನ ಮೇಲೆ ಓದುವುದಕ್ಕೆ 300ರಿಂದ 500 ಲಕ್ಸ್ ಸಾಕೆಂದು ರೂಢಿಯ ಲೆಕ್ಕ. ಫೋನಿನಲ್ಲಿ ಅಳೆದು 400ಕ್ಕೆ ನಿಲ್ಲಿಸಿದಾಗ ಮೇಷ್ಟ್ರು ತಕರಾರು ಮಾಡಲಿಲ್ಲ, ಆದರೆ ಪುಸ್ತಕವನ್ನು ದೀಪದ ಕಡೆಗೆ ಒಂದು ಅಂಗುಲ, ಎರಡು ಅಂಗುಲ ಎಂದು ತಳ್ಳುತ್ತಲೇ ಹೋದರು. ಅವರು ತಳ್ಳುವುದನ್ನು ನಿಲ್ಲಿಸಿದ್ದು 700ರ ಹತ್ತಿರ. ಎಪ್ಪತ್ತು ದಾಟಿದ ಕಣ್ಣಿಗೆ ಬೇಕಾದ ಬೆಳಕನ್ನು ನಲವತ್ತರ ಕಣ್ಣು ಅಂದಾಜು ಮಾಡಬಾರದು, ಅವರ ಕೈಯನ್ನೇ ನೋಡಬೇಕು.

ಬಣ್ಣದ ವಿಷಯದಲ್ಲಿ ನಮ್ಮ ಊರಿನ ಅಂಗಡಿಗಳಲ್ಲಿ ಒಂದು ವಿಚಿತ್ರ ಏಕಮತವಿದೆ. ಕೇಳಿದ ಕೂಡಲೇ ಕೊಡುವುದು 6500 ಕೆಲ್ವಿನ್ನಿನ ನೀಲಿ ಬಿಳುಪನ್ನು. 2700ರ ಹಳದಿ ಬೆಳಕು ಹೋಟೆಲು, ದೇವರಮನೆಗಳಿಗೆ ಎಂಬ ಭಾವನೆ. ನಡುವಿನ 4000ವನ್ನು ಕೇಳಿದರೆ ಒಳಗಿನಿಂದ ಹುಡುಕಿ ತರಬೇಕು. ಮೂರನ್ನೂ ಮೇಷ್ಟ್ರ ಮೇಲೆ ಪ್ರಯೋಗಿಸಿದ್ದೇನೆ. 6500ರ ಅಡಿಯಲ್ಲಿ ಅವರು ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂತೆ ಓದುತ್ತಿದ್ದರು. 2700ರ ಅಡಿಯಲ್ಲಿ ದನಿ ಹಿತವಾಗಿತ್ತು, ಆದರೆ ಮಧ್ಯಾಹ್ನದ ಊಟದ ಮೇಲೆ ತೂಕಡಿಕೆ ಹತ್ತಿರ ಸುಳಿಯುತ್ತಿತ್ತು. 4000ದಲ್ಲಿ ಇಬ್ಬರಿಗೂ ರಾಜಿಯಾಯಿತು. ಆದರೆ ಕೆಲ್ವಿನ್ನಿಗಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣದಾಗಿ ಬರೆದಿರುವ ಸಿಆರ್‌ಐ ಎಂಬ ಅಂಕಿ. ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರ ಅಳತೆ ಅದು. 80ರ ದೀಪಗಳಲ್ಲಿ ಗಾಢ ಕೆಂಪು ಸೊರಗಿರುತ್ತದೆ. ಮೇಷ್ಟ್ರು ಎಲ್ಲಿ ಒತ್ತು ಕೊಡಬೇಕೋ ಅಲ್ಲಿ ಕೆಂಪು ಪೆನ್ಸಿಲಿನಿಂದಲೂ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಹಸಿರು ಪೆನ್ಸಿಲಿನಿಂದಲೂ ಮೊದಲೇ ಗುರುತು ಹಾಕಿಕೊಂಡು ಬರುತ್ತಾರೆ. ಹಳೆಯ ಪ್ಯಾನೆಲ್ಲಿನ ಅಡಿಯಲ್ಲಿ ಆ ಕೆಂಪು, ಕಂದು ಕಾಗದದ ಮೇಲೆ ಕಂದು ಗೆರೆಯಾಗಿ ಕರಗಿಹೋಗುತ್ತಿತ್ತು. 90ಕ್ಕಿಂತ ಮೇಲಿನ ಸಿಆರ್‌ಐಯ ಎಲ್‌ಇಡಿ ಪಟ್ಟಿಯನ್ನು ಹಚ್ಚಿದ ಮೊದಲ ದಿನ ಅವರು ಪುಸ್ತಕವನ್ನು ನೋಡಿ, “ಇದೇನಪ್ಪ, ಕುಂಕುಮ ಇಟ್ಟ ಹಾಗೆ ಕಾಣ್ತಿದೆ” ಎಂದರು.

ಇನ್ನೊಂದನ್ನು ಗಮನಿಸಿದ್ದೇನೆ. ಮೇಜಿಗೆ ಬೆಳಕು ತುಂಬಿ, ಕೋಣೆಯ ಉಳಿದ ಭಾಗ ಮಬ್ಬಾಗಿ ಉಳಿದಾಗ ಓದುವವರ ದನಿ ತಾನಾಗಿ ಮೈಕಿನ ಹತ್ತಿರಕ್ಕೆ ಸರಿಯುತ್ತದೆ. ಮೊಮ್ಮಗನಿಗೆ ಕಥೆ ಹೇಳುವ ಅಳತೆಗೆ ಇಳಿಯುತ್ತದೆ. ನಾನು “ಸಾರ್, ಸ್ವಲ್ಪ ಮೆಲ್ಲಗೆ” ಎಂದು ಎಷ್ಟು ಸಲ ವಿನಂತಿಸಿಕೊಂಡರೂ ಆಗದ್ದು, ಚಾವಣಿಯ ದೀಪ ಆರಿಸಿದ್ದರಿಂದ ಆಯಿತು.

ಕಿತ್ತ ಪ್ಯಾನೆಲ್‌ಗಳು ಚಾವಣಿಯಲ್ಲಿ ನಾಲ್ಕು ತೂತುಗಳನ್ನು ಬಿಟ್ಟುಹೋಗಿದ್ದವು. ಶಬ್ದ ತಡೆಯಲೆಂದು ಎರಡು ಪದರದ ಜಿಪ್ಸಮ್ ಹಲಗೆಯ ಚಾವಣಿ ಹಾಕಿಸಿ, ಅದರಲ್ಲೇ ದೀಪಕ್ಕಾಗಿ ಚೌಕಗಳನ್ನು ಕೊರೆಸಿದ ನನ್ನ ಜಾಣತನವನ್ನು ಏನೆಂದು ಹೇಳಲಿ? ಎಷ್ಟು ದಪ್ಪದ ತಡೆಯಾದರೂ ಅದರ ನೂರರಲ್ಲಿ ಒಂದು ಭಾಗ ತೆರೆದಿದ್ದರೆ ಒಟ್ಟು ತಡೆ 20 ಡೆಸಿಬಲ್ ದಾಟಲಾರದು ಎಂಬುದು ಶಬ್ದಶಾಸ್ತ್ರದ ಸರಳ ಲೆಕ್ಕ. ತಾರಸಿಯ ಮೇಲೆ ಬಿದ್ದ ಮಳೆ, ಮಹಾಶಯ ಕಾಗೆಯ ನಡಿಗೆ, ಎಲ್ಲವೂ ಆ ಚೌಕಗಳಿಂದಲೇ ಇಳಿಯುತ್ತಿದ್ದವು. ತೂತುಗಳನ್ನು ಮುಚ್ಚಿಸಿದೆ. ಚಾವಣಿಗೆ ದೀಪ ಬೇಕೇ ಬೇಕೆಂದರೆ ತೂತು ಕೊರೆಯದೆ ಹಲಗೆಯ ಮೈಮೇಲೆ ಕೂರುವಂಥದ್ದನ್ನು ಹಾಕಬೇಕು, ಅದರ ಡ್ರೈವರನ್ನು ಕೋಣೆಯ ಹೊರಗಿಟ್ಟು ಬರಿಯ ತಂತಿಯನ್ನು ಒಳಗೆ ತರಬೇಕು. ಗಾಜಿನ ಚಿಮಣಿ, ಸಡಿಲ ತಗಡಿನ ಮುಚ್ಚಳ ಇರುವ ದೀಪಗಳು ಅಲಂಕಾರಕ್ಕೆ ಚೆನ್ನ. ಮೃದಂಗದ ಎಡಗಡೆಗೆ ಅವು ಗಲಗಲ ಎಂದು ತಾಳ ಹಾಕುತ್ತವೆ.

ಕೊನೆಗೆ ನಿಂತ ವ್ಯವಸ್ಥೆ ಆ ಕರೆಂಟು ಹೋದ ಮಧ್ಯಾಹ್ನದಿಂದಲೇ ಹುಟ್ಟಿದ್ದು. ವಿದ್ಯುತ್ತು ಇಲ್ಲದಾಗ ಕೋಣೆ ಅಷ್ಟು ಮೌನವಾಗಿರುವುದಾದರೆ ದೀಪಕ್ಕೆ ಗೋಡೆಯ ವಿದ್ಯುತ್ತೇ ಏಕೆ ಬೇಕು? ಶಿವನಸಮುದ್ರದಲ್ಲಿ ಹುಟ್ಟಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿಗೂ ಬಂದ ವಿದ್ಯುತ್ತು ಹೊರಳುವ ಜಾತಿಯದು; ನೂರಿಪ್ಪತ್ತು ವರ್ಷಗಳಿಂದ ಈ ಊರಿನ ದೀಪಗಳು ಆ ಹೊರಳಿಗೆ ಒಗ್ಗಿಕೊಂಡಿವೆ. ಬ್ಯಾಟರಿಯದು ಹೊರಳದ, ನೇರವಾಗಿ ಹರಿಯುವ ವಿದ್ಯುತ್ತು. ಕಂಪ್ಯೂಟರಿನ ಯುಪಿಎಸ್ಸಿಗೆ ಹಾಕುವ 12 ವೋಲ್ಟಿನ, 7 ಆಂಪಿಯರ್ ಅವರಿನ ಮುಚ್ಚಿದ ಬ್ಯಾಟರಿಯೊಂದನ್ನು ತಂದೆ. ಮೀಟರಿಗೆ 4.8 ವಾಟಿನ ಎಲ್‌ಇಡಿ ಪಟ್ಟಿಯನ್ನು ಎರಡು ಮೀಟರು ಕತ್ತರಿಸಿ, ಹಾಲುಬಿಳುಪಿನ ಮುಚ್ಚಳವಿರುವ ಅಲ್ಯೂಮಿನಿಯಮ್ ಪಟ್ಟಿಗಳೊಳಗೆ ಅಂಟಿಸಿ, ಮೂರು ತುಂಡುಗಳಿಗೆ ಮೂರು ಸ್ವಿಚ್ಚು ಕೊಟ್ಟೆ. ಎಲ್ಲ ಉರಿದರೂ ಅದು ಎಳೆಯುವುದು 0.8 ಆಂಪಿಯರು. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೂ ನಾಲ್ಕು ಗಂಟೆ ಧಾರಾಳ, ಮೇಷ್ಟ್ರು ಒಮ್ಮೆಗೆ ಎರಡು ಗಂಟೆಗಿಂತ ಹೆಚ್ಚು ಓದುವುದಿಲ್ಲ. ರಾತ್ರಿ ಚಾರ್ಜಿಗೆ ಹಾಕಿ ಮುದ್ರಣದ ಮುಂಚೆ ಚಾರ್ಜರನ್ನು ಕೀಳುತ್ತೇನೆ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ 2 ಆಂಪಿಯರಿನ ಫ್ಯೂಸು ಇದೆ. ಇದನ್ನು ಬಿಡಬೇಡಿ, ಏಕೆಂದರೆ ಅಷ್ಟು ಸಣ್ಣ ಬ್ಯಾಟರಿಯೂ ತಂತಿ ತಾಗಿಕೊಂಡರೆ ಅದನ್ನು ಕೆಂಪಗೆ ಕಾಯಿಸಬಲ್ಲದು, ಮತ್ತು ಇಂಥ ಕೋಣೆಗಳ ಗೋಡೆಯ ತುಂಬ ಫೋಮು, ಬಟ್ಟೆ, ಹತ್ತಿಯೇ ಇರುತ್ತದೆ. ಪಟ್ಟಿಯನ್ನು ಫೋಮಿನ ಮೇಲೆ ನೇರವಾಗಿ ಅಂಟಿಸುವವರನ್ನು ಕಂಡಿದ್ದೇನೆ, ಕಂಡಾಗಲೆಲ್ಲ ಎದೆ ಡವಡವ ಎನ್ನುತ್ತದೆ.

ಗೋಡೆಯ ವಿದ್ಯುತ್ತನ್ನು ಪೂರ್ತಿ ಬಿಟ್ಟೆನೆಂದಲ್ಲ. ಲ್ಯಾಪ್‌ಟಾಪಿಗೆ, ಸ್ಪೀಕರಿಗೆ ಅದು ಬೇಕು. ಆ ಹೊತ್ತಿನಲ್ಲಿ ಹೊರಬಿದ್ದದ್ದು ನಮ್ಮ ಮನೆಯ ಅರ್ತಿನ ಕಥೆ. ಮೂರು ತೂತಿನ ಪ್ಲಗ್ಗು ಎಲ್ಲ ಕಡೆ ಇದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲ. ಮರದ ಪಟ್ಟಿಯೊಳಗೆ ಓಡುವ ಹಳೆಯ ವೈರಿಂಗಿನಲ್ಲಿ ಎರಡೇ ಎಳೆ. “ಅರ್ತ್ ಇಲ್ದಿದ್ರೂ ಲೈಟ್ ಉರಿಯುತ್ತಲ್ಲ ಸಾರ್” ಎಂದರು ಎಲೆಕ್ಟ್ರಿಷಿಯನ್ನು. ಉರಿಯುತ್ತದೆ, ನಿಜ. ಆದರೆ ಒಳ್ಳೆಯ ಡ್ರೈವರುಗಳ ಶೋಧಕವು ಕಸವನ್ನು ಸುರಿಯಬೇಕಾದದ್ದು ಅರ್ತಿಗೆ, ಅದು ಇಲ್ಲದಿದ್ದರೆ ದೀಪದ ಲೋಹದ ಮೈಯೇ ಅರ್ಧ ವೋಲ್ಟೇಜಿನಲ್ಲಿ ತೇಲುತ್ತ, ಮುಟ್ಟಿದರೆ ಬೆರಳಿಗೆ ಇರುವೆ ಹರಿದಂತಾಗುತ್ತದೆ, ಮೈಕಿನಲ್ಲಿ ಗುಂಯ್ ಎನ್ನುತ್ತದೆ. ಹಿತ್ತಲಲ್ಲಿ ಹೊಸ ಗುಂಡಿ ತೋಡಿಸಿ ಅರ್ತ್ ಹಾಕಿಸಿ, ಧ್ವನಿಯ ಉಪಕರಣಗಳಿಗೆಂದೇ ಒಂದು ಬೇರೆ ಎಳೆಯನ್ನು ಮೇಲಕ್ಕೆ ತಂದೆವು. ಮೈಕಿನ ಕೇಬಲ್ಲು ವಿದ್ಯುತ್ತಿನ ವೈರಿನ ಜೊತೆ ಉದ್ದಕ್ಕೂ ಒತ್ತಾಗಿ ಓಡಬಾರದು, ದಾಟಲೇಬೇಕಾದರೆ ಅಡ್ಡಲಾಗಿ ದಾಟಬೇಕು ಎಂಬುದನ್ನು ಅವರಿಗೆ ಒಪ್ಪಿಸಲು ಎರಡು ಕಾಫಿ ಖರ್ಚಾಯಿತು.

ವಿಡಿಯೊ ಮಾಡುವವರಿಗೆ ಒಂದೇ ಮಾತು. ಗೋಡೆಯ ವಿದ್ಯುತ್ತಿನ ದೀಪವಾದರೆ ಕ್ಯಾಮೆರಾದ ಶಟರನ್ನು 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡಿಗೆ ಇಡಿ. 60ಕ್ಕೆ ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೆವಳುತ್ತವೆ. ಬ್ಯಾಟರಿಯ ದೀಪಕ್ಕೆ ಈ ಕಾಟವಿಲ್ಲ. ಅಕ್ಕನ ಮಗ ಕಳೆದ ರಜೆಯಲ್ಲಿ ಹಿನ್ನೆಲೆಗೆಂದು ಬಣ್ಣ ಬದಲಿಸುವ ನೇರಳೆ ಪಟ್ಟಿಯೊಂದನ್ನು ತಂದಿದ್ದ. ಬಣ್ಣ ಬೆರೆಸಲು ಅದರ ಕಂಟ್ರೋಲರು ಬೆಳಕನ್ನು ಬೇಗ ಬೇಗ ಆರಿಸಿ ಹಚ್ಚುತ್ತದೆ, ಟ್ರಾನ್ಸಿಸ್ಟರನ್ನು ಹತ್ತಿರ ಹಿಡಿದಾಗ ಅದು ಮಾಡಿದ ಸದ್ದಿಗೆ ಅವನೇ ಬೆಚ್ಚಿದ. ಪಟ್ಟಿ ಇನ್ನೂ ಡಬ್ಬಿಯಲ್ಲಿದೆ. ಚಂದವಿಲ್ಲವೆಂದಲ್ಲ, ನನಗೆ ವಯಸ್ಸಾಗಿದೆಯೆಂದು ಅವನು ಹೇಳುತ್ತಾನೆ.

ಮೊದಲ ಮಳೆಯ ಸಂಜೆ ಮಾತ್ರ ಈ ಎಲ್ಲ ಎಚ್ಚರಿಕೆ ವ್ಯರ್ಥ. ಬಾಗಿಲು ಒಂದು ಕ್ಷಣ ತೆರೆದರೂ ಮಳೆಹುಳಗಳು ಒಳಗೆ ನುಗ್ಗಿ ಮುಚ್ಚಳಕ್ಕೆ ಟಪ್ ಟಪ್ ಎಂದು ಬಡಿದುಕೊಳ್ಳುತ್ತವೆ. ನೀಲಿ ಬೆಳಕಿಗಿಂತ ಹಳದಿ ಬೆಳಕಿಗೆ ಅವು ಕಡಿಮೆ ಬರುತ್ತವೆ, ಆದ್ದರಿಂದ ತಾರಸಿಯ ಕಡೆಯ ದೀಪವನ್ನು 2700ಕ್ಕೆ ಬದಲಿಸಿ ಕೋಣೆಯಿಂದ ದೂರಕ್ಕೆ ಸರಿಸಿದ್ದೇನೆ. ಆದರೂ ಒಂದೆರಡು ಪ್ರಬಂಧಗಳ ಹಿನ್ನೆಲೆಯಲ್ಲಿ ರೆಕ್ಕೆಯ ಸದ್ದು ಉಳಿದುಹೋಗಿದೆ.

ಎಲ್ಲಕ್ಕಿಂತ ಕೊನೆಗೆ ಹಾಕಿದ್ದು ಕೋಣೆಯ ಹೊರಗಿನ ದೀಪ. ರೇಡಿಯೊ ಕೇಂದ್ರಗಳ ಬಾಗಿಲ ಮೇಲೆ ಇರುವಂತೆ ಒಂದು ಕೆಂಪು ಬೆಳಕು ಬೇಕೆಂದು ಮೊದಲಿನಿಂದಲೂ ಆಸೆಯಿತ್ತು. ಆದರೆ ನಮ್ಮ ಮನೆಯಲ್ಲಿ ಸದ್ದಿನ ಮೂಲ ಮಹಡಿಯ ಬಾಗಿಲಲ್ಲಿ ಇಲ್ಲ, ಕೆಳಗಿನ ಅಡುಗೆಮನೆಯಲ್ಲಿದೆ. ಆದ್ದರಿಂದ ಆ ಬ್ಯಾಟರಿಯಿಂದಲೇ ಉದ್ದನೆಯ ತಂತಿ ಇಳಿಸಿ, ಒಂದೇ ಒಂದು ಕೆಂಪು ಎಲ್‌ಇಡಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ, ಅಮ್ಮನ ಕಣ್ಣಿಗೆ ಬೀಳುವಂತೆ ಕೂರಿಸಿದೆ. ಅದು ಉರಿಯುತ್ತಿದ್ದರೆ ಕುಕ್ಕರು ಕೂಗುವಂತಿಲ್ಲ. ಮೇಷ್ಟ್ರು ಪುಸ್ತಕ ಮುಚ್ಚಿ, ನಾನು ಸ್ವಿಚ್ಚು ಆರಿಸಿದ ಮರುಗಳಿಗೆಯಲ್ಲೇ ಕೆಳಗೆ ಮಿಕ್ಸಿ ಶುರುವಾಗುತ್ತದೆ. ಚಟ್ನಿಗೆ ಬೇಕಾದದ್ದನ್ನೆಲ್ಲ ಜಾರಿಗೆ ತುಂಬಿಕೊಂಡು, ಗುಂಡಿಯ ಮೇಲೆ ಕೈಯಿಟ್ಟು ಅಮ್ಮ ಆ ಕೆಂಪು ಚುಕ್ಕಿಯನ್ನೇ ನೋಡುತ್ತ ನಿಂತಿರುತ್ತಾರೆ.